ಬೆನಿಟಾಳ ಮದುವೆ ಕಾರಿನ ಮ್ಯಾನಿಫೋಲ್ಡ್

ಜೆಪ್ಪುವಿನ ಬೆನೆಡಿಕ್ಟ್ ಪಿಂಟೊನ ಮನೆಯ ಹಿಂದಿನ ಜಗಲಿಯಲ್ಲಿ ಗೋಣಿಚೀಲ ಹೊದ್ದುಕೊಂಡು ಒಂದು ಮೋಟಾರು ಇಂಜಿನ್ ಕೂತಿತ್ತು. ಮೋರಿಸ್ ಎಂಟು ಎಂಬ ಸಣ್ಣ ಕಾರಿನದು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ಸೀಮೆಗೆ ಹೊರಟಾಗ ಬಿಟ್ಟುಹೋದ ಸಾಮಾನಿನಲ್ಲಿ ಅದೂ ಒಂದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಮದುವೆಯಾದ ಮರುವರ್ಷ, ಬೆನೆಡಿಕ್ಟ್ ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ತಂದು ಇಳಿಸಿದ್ದ. ನೋಡಲು ಬಂದ ಅತ್ತೆಯ ಮುಂದೆ ಎದೆ ಉಬ್ಬಿಸಿ ನಿಂತು, ಇದಕ್ಕೆ ನಾನೇ ಕೈಯಾರೆ ಕಾರು ಕಟ್ಟುತ್ತೇನೆ, ನಿಮ್ಮ ಸಣ್ಣ ಮಗಳು ಮದುವೆಗೆ ಇಗರ್ಜಿಗೆ ಹೋಗುವುದು ಆ ಕಾರಿನಲ್ಲೇ ಎಂದು ಮಾತು ಕೊಟ್ಟಿದ್ದ. ಸಣ್ಣ ಮಗಳು ಬೆನಿಟಾ ಆಗ ಮೂಗು ಸುರಿಸಿಕೊಂಡು ಆ ಇಂಜಿನಿನ ಮೇಲೆಯೇ ಹತ್ತಿ ಕೂತಿದ್ದಳು.

ಕಾರು ಮಾತ್ರ ಹುಟ್ಟಲಿಲ್ಲ. ಬೆನೆಡಿಕ್ಟನಿಗೆ ಕೈಕೆಲಸ ಬರುತ್ತಿರಲಿಲ್ಲವೆಂದು ಯಾರಾದರೂ ತಿಳಿದರೆ ಅದು ತಪ್ಪು. ಅವನು ನೇತ್ರಾವತಿ ದಂಡೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನು ಕೂರಿಸಿದ ನಟ್ಟು ಸಡಿಲವಾದದ್ದನ್ನು ಕಂಡವರಿಲ್ಲ. ಅವನ ರೋಗ ಬೇರೆಯೇ. ಎಲ್ಲವೂ ಸರಿಯಾಗಿ ಕೈಗೆ ಬಂದ ಮೇಲೆ ಶುರು ಮಾಡಬೇಕು ಎಂಬ ಹಟ. ಸರಿಯಾದ ಚಾಸಿ ಸಿಗಲಿ, ಸರಿಯಾದ ತಗಡು ಸಿಗಲಿ, ಮಳೆ ಮುಗಿಯಲಿ, ಮಕ್ಕಳ ಸ್ಕೂಲ್ ಶುರುವಾಗಲಿ ಎನ್ನುತ್ತ ವರ್ಷಗಳು ಉರುಳಿದವು. ಶನಿವಾರ ಸಂಜೆ ಗೋಣಿ ಸರಿಸಿ ಇಂಜಿನಿಗೆ ಎಣ್ಣೆ ಹಚ್ಚುವುದು, ಮತ್ತೆ ಗೋಣಿ ಹೊದೆಸುವುದು, ಇಷ್ಟೇ ನಡೆಯುತ್ತಿತ್ತು. ಹೆಂಡತಿ ಐರಿನ್ ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಆ ಗೋಣಿಯ ಮೇಲೆ ಹಪ್ಪಳ ಒಣಗಿಸತೊಡಗಿದಳು.

ಹೀಗಿರುವಾಗ ಐರಿನಳ ತಂಗಿ ಒಲಿಂಡಾಳ ಗಂಡ ರುಡೊಲ್ಫ್ ಕಾರು ಕಟ್ಟಲು ಹೊರಟ. ಷಡ್ಡಕನೆಂದರೆ ಮೊದಲೇ ತಕ್ಕಡಿಯ ಇನ್ನೊಂದು ತಟ್ಟೆ. ಒಂದೇ ಮನೆಯ ಅಳಿಯಂದಿರು, ಯಾರು ಎಷ್ಟು ತೂಗುತ್ತಾರೆಂದು ಅತ್ತೆಮನೆಯವರು ನೋಡುತ್ತಲೇ ಇರುತ್ತಾರೆ. ಇಷ್ಟು ವರ್ಷ ಬೆನೆಡಿಕ್ಟನಿಗೆ ಆ ಹೆದರಿಕೆ ಇರಲಿಲ್ಲ. ರುಡೊಲ್ಫ್ ಕಾಫಿ ಕ್ಯೂರಿಂಗ್ ವರ್ಕ್ಸಿನ ಗುಮಾಸ್ತ, ಸ್ಪ್ಯಾನರನ್ನು ಸೌಟಿನ ಹಾಗೆ ಹಿಡಿಯುವ ಮನುಷ್ಯ. ಮನೆಯ ನಲ್ಲಿ ಸೋರಿದರೆ ಬೆನೆಡಿಕ್ಟನನ್ನೇ ಕರೆಯುತ್ತಿದ್ದ. ಅಂಥವನು ಒಂದು ದಿನ ಹಳೆಯ ಮೋರಿಸ್ ಎಂಟರ ಚಾಸಿಯನ್ನೂ ಇಂಜಿನನ್ನೂ ಅಂಗಳದಲ್ಲಿ ತಂದು ಹಾಕಿ, ಬೆನಿಟಾಳ ಮದುವೆಗೆ ಕಾರು ತಯಾರಾಗುತ್ತದೆ ಎಂದು ಎಲ್ಲರಿಗೂ ಹೇಳಿಬಿಟ್ಟ. ಬೆನಿಟಾಳಿಗೆ ಆಗಷ್ಟೇ ಕುಲಶೇಖರದ ಚಾರ್ಲ್ಸ್ ಎಂಬ ಮೇಷ್ಟ್ರೊಂದಿಗೆ ಸಂಬಂಧ ಗೊತ್ತಾಗಿತ್ತು.

ಬೆನೆಡಿಕ್ಟನ ಹೊಟ್ಟೆಯಲ್ಲಿ ಅಂದಿನಿಂದ ಕೆಂಡ. ಕಾರು ಕಟ್ಟುವುದಾದರೆ ಮೋರಿಸ್ ಎಂಟೇ ಒಳ್ಳೆಯದು ಎಂದು ಹಿಂದೊಮ್ಮೆ ಹೊಸ ತೆನೆಯ ಮೊಂತಿ ಹಬ್ಬದ ಊಟಕ್ಕೆ ಕೂತಾಗ ಹೇಳಿದವನು ತಾನೇ. ಆ ಮಾತನ್ನೂ ಕದ್ದ, ತಾನು ಅತ್ತೆಗೆ ಕೊಟ್ಟ ಮಾತನ್ನೂ ಕದ್ದ ಎಂದು ಅವನಿಗೆ ಅನಿಸಿತು. ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ, ನಿನಗೆ ಯಾರು ಬೇಡ ಅಂದಿದ್ದರು ಎಂದು ಕೇಳುತ್ತಾರೆ. ಹಾಗಾಗಿ ಅವನು ರುಡೊಲ್ಫನ ಮನೆಯ ಮುಂದಿನ ದಾರಿಯನ್ನೇ ಬಿಟ್ಟ. ಕಾರ್ಖಾನೆಗೆ ಸುತ್ತು ಹಾಕಿ ಹೋದ. ಅಲ್ಲಿ ಊಟಕ್ಕೆ ಕರೆದರೆ ಮೊಣಕಾಲು ನೋವು, ಮಗುವಿನ ಜ್ಞಾನಸ್ನಾನಕ್ಕೆ ಕರೆದರೆ ಓವರ್‌ಟೈಮ್. ಐರಿನ್ ಒಬ್ಬಳೇ ಹೋಗಿ ಬಂದು ಕಾರಿನ ಸುದ್ದಿ ಹೇಳುತ್ತಿದ್ದಳು. ಹಲಸಿನ ಮರದ ಚೌಕಟ್ಟು ಎದ್ದಿತಂತೆ, ತಗಡು ಹೊಡೆದಾಯಿತಂತೆ, ಹಸಿರು ಬಣ್ಣವಂತೆ. ಬೆನೆಡಿಕ್ಟ್ ಮೀನಿನ ಮುಳ್ಳು ತೆಗೆಯುತ್ತ ಕೇಳಿಸದವನ ಹಾಗೆ ಕೂತಿರುತ್ತಿದ್ದ. ಒಂದಕ್ಷರವೂ ಅವನ ಕಿವಿ ತಪ್ಪುತ್ತಿರಲಿಲ್ಲ.

ರುಡೊಲ್ಫನ ಕೆಲಸದ ರೀತಿಯೇ ಅವನಿಗೆ ಸಹಿಸದು. ಆ ಮನುಷ್ಯನಿಗೆ ಕೇಳಲು ನಾಚಿಕೆಯೇ ಇಲ್ಲ. ಆಚಾರಿಯನ್ನು ಕೇಳಿ ಚೌಕಟ್ಟು, ಬಸ್ಸಿನ ಡ್ರೈವರನ್ನು ಕೇಳಿ ಬ್ರೇಕು, ಕಂಕನಾಡಿಯಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವ ಹಾಶಿಂನನ್ನು ಕೇಳಿ ಉಳಿದದ್ದೆಲ್ಲ. ತಪ್ಪಾದರೆ ನಗುತ್ತಾನೆ, ಬಿಚ್ಚಿ ಮತ್ತೆ ಹಾಕುತ್ತಾನೆ. ಇದೂ ಒಂದು ಕೆಲಸವೇ ಎಂದು ಬೆನೆಡಿಕ್ಟ್ ಮೂಗು ಮುರಿದ. ಆದರೆ ಕಾರು ಮೇಲೇಳುತ್ತಿತ್ತು.

ಮದುವೆಗೆ ಎರಡು ತಿಂಗಳಿರುವಾಗ ರುಡೊಲ್ಫ್ ಒಂದು ಭಾನುವಾರ ಪೂಜೆ ಮುಗಿಸಿ ನೇರ ಬೆನೆಡಿಕ್ಟನ ಜಗಲಿಗೆ ಬಂದ. ಅವನ ಇಂಜಿನಿನ ಮ್ಯಾನಿಫೋಲ್ಡ್ ಒಡೆದು ಎರಡಾಗಿತ್ತು. ಮ್ಯಾನಿಫೋಲ್ಡ್ ಎಂದರೆ ಕವಲೊಡೆದ ಒಂದು ಎರಕದ ಕೊಳವೆ. ಕಾರ್ಬುರೇಟರಿನಲ್ಲಿ ಬೆರೆತ ಪೆಟ್ರೋಲನ್ನೂ ಗಾಳಿಯನ್ನೂ ಸಿಲಿಂಡರುಗಳಿಗೆ ಹಂಚುವುದು ಅದೇ. ಅದು ಬಿಗಿಯಾಗಿ ಕೂರದೆ ಎಲ್ಲಾದರೂ ಕಳ್ಳಗಾಳಿ ನುಗ್ಗಿದರೆ ಇಂಜಿನ್ ಕೆಮ್ಮುತ್ತದೆ. ಮೋರಿಸ್‌ನದೇ ಕಾರ್ಬುರೇಟರ್ ಸಿಗದೆ ರುಡೊಲ್ಫ್ ಫಿಯೆಟ್ಟಿನದ್ದೊಂದನ್ನು ಹುಡುಕಿ ತಂದಿದ್ದ. ಅದರ ತೂತುಗಳು ಬೇರೆ. ಮೇಲಾಗಿ ಅವನ ಬಾನೆಟ್ ತಗ್ಗು. ಮ್ಯಾನಿಫೋಲ್ಡಿನ ಕತ್ತನ್ನು ಕುಯ್ದು, ಪಕ್ಕಕ್ಕೆ ತಿರುಗಿಸಿ, ಹೊಸ ಮುಖ ಕೂರಿಸಬೇಕಿತ್ತು.

"ಬಾವ, ನಿಮ್ಮ ಇಂಜಿನಿನ ಮ್ಯಾನಿಫೋಲ್ಡ್ ಉಂಟಲ್ಲ, ಅದು ನನಗೆ ಬೇಕಿತ್ತು," ಎಂದ ರುಡೊಲ್ಫ್. "ನೀವು ಕಾರು ಕಟ್ಟುವ ಕಾಲಕ್ಕೆ ನಾನು ಬೇರೆ ಹುಡುಕಿ ಕೊಡ್ತೇನೆ."

ಆ 'ಕಾಲಕ್ಕೆ' ಎಂಬುದು ಬೆನೆಡಿಕ್ಟನಿಗೆ ಚುಚ್ಚಿತು. ಕೊಟ್ಟರೆ ತನ್ನ ಇಂಜಿನ್ ಬರೀ ಗುಜರಿಯಾಯಿತು ಎಂದು ತಾನೇ ಒಪ್ಪಿದ ಹಾಗೆ. ಕೊಡದಿದ್ದರೆ ಬೆನಿಟಾಳ ಮದುವೆಗೆ ಅಡ್ಡ ಬಂದವನೆಂಬ ಹೆಸರು. ಒಳಗೆ ಐರಿನ್ ಕಾಫಿ ಸೋಸುವುದನ್ನು ನಿಲ್ಲಿಸಿದ್ದು ಅವನಿಗೆ ತಿಳಿಯಿತು. ಕೊನೆಗೆ ಅವನ ಗರ್ವವೇ ದಾರಿ ತೋರಿಸಿತು. ಹಾಶಿಂನ ಕೈಗೆ ಕೊಟ್ಟರೆ ಹಾಳು ಮಾಡುತ್ತಾನೆ, ಎರಕದ ಕಬ್ಬಿಣಕ್ಕೆ ಬೆಂಕಿ ಕೊಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ನಾನೇ ಮಾಡಿಕೊಡುತ್ತೇನೆ ಎಂದ. ರುಡೊಲ್ಫನಿಗೆ ಆನಂದವಾಯಿತು. ಹಾಗಾದರೆ ಒಮ್ಮೆ ಬಂದು ಜಾಗ ನೋಡಿಕೊಂಡು ಹೋಗಿ ಎಂದು ಕರೆದ.

"ಮೋರಿಸ್ ಇಂಜಿನಿನ ಅಳತೆ ನನಗೆ ಯಾರೂ ತೋರಿಸಬೇಕಾಗಿಲ್ಲ," ಎಂದ ಬೆನೆಡಿಕ್ಟ್.

ಅವನು ಹೋಗಲಿಲ್ಲ. ಅಳತೆಗೆ ಇಂಜಿನ್ ಬೇಕಾದರೆ ಜಗಲಿಯಲ್ಲೇ ಇತ್ತಲ್ಲ. ಫಿಯೆಟ್ ಕಾರ್ಬುರೇಟರನ್ನು ರುಡೊಲ್ಫ್ ಬಿಟ್ಟುಹೋಗಿದ್ದ. ಬೆನೆಡಿಕ್ಟ್ ತನ್ನ ಮ್ಯಾನಿಫೋಲ್ಡನ್ನು ಬಿಚ್ಚಿ ಕಾರ್ಖಾನೆಗೆ ಒಯ್ದ. ಊಟದ ಬಿಡುವಿನಲ್ಲಿ ಕತ್ತನ್ನು ಗರಗಸದಿಂದ ಕುಯ್ದ, ಹೊಸ ಮುಖಕ್ಕೆ ದಪ್ಪ ತಗಡನ್ನು ಅರದಿಂದ ಉಜ್ಜಿ ತೂತು ಕೊರೆದ. ಎರಕದ ಕಬ್ಬಿಣದ ಸ್ವಭಾವ ಬಲು ಸಿಡುಕಿನದು. ಅವಸರದಲ್ಲಿ ಕಾಯಿಸಿದರೆ ಸೀಳುತ್ತದೆ, ಅವಸರದಲ್ಲಿ ತಣಿದರೂ ಸೀಳುತ್ತದೆ. ಬೆನೆಡಿಕ್ಟ್ ಅದನ್ನು ಕುಲುಮೆಯಲ್ಲಿ ಮೆಲ್ಲಗೆ ಕೆಂಪಗೆ ಮಾಡಿ, ಹಿತ್ತಾಳೆ ಸರಿಗೆಯಿಂದ ಬೆಸೆದು, ಬಿಸಿ ಆರುವ ಮೊದಲೇ ಹೆಂಚಿನ ಭಟ್ಟಿಗೆ ಓಡಿದ. ಬೆಂಕಿ ಮುಂದಿನ ಕೋಣೆಗೆ ಸರಿದು ಹೆಂಚು ತಣಿಯುತ್ತಿದ್ದ ಕೋಣೆಯೊಂದರಲ್ಲಿ ಅದನ್ನು ಇಡಬೇಕೆಂದು ಭಟ್ಟಿಯ ಬೋಜನನ್ನು ಕೇಳಿದ. ಹೆಂಚು ತಣಿಯುವಷ್ಟೇ ನಿಧಾನವಾಗಿ ಅದೂ ತಣಿಯಲಿ ಎಂಬುದು ಅವನ ಲೆಕ್ಕ. ಹೆಂಚಿನ ಊರಿನ ಫಿಟ್ಟರನಿಗೆ ಮಾತ್ರ ಹೊಳೆಯುವ ಉಪಾಯ ಅದು.

ಹೆಂಚಿನ ಜೊತೆ ಅದು ಹೊರಬಂದಾಗ ಬೋಜ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಚಂದ ಉಂಟು ಮಾರಾಯ್ರೆ. ಯಾರ ಕಾರಿಗೆ?" ಎಂದು ಕೇಳಿದ. ಬೆನೆಡಿಕ್ಟ್ ಅದನ್ನು ಟವೆಲಿನಲ್ಲಿ ಸುತ್ತಿಕೊಂಡ.

ಆಮೇಲಿನ ದಿನಗಳು ಅವನ ಬದುಕಿನಲ್ಲೇ ಒಳ್ಳೆಯ ದಿನಗಳು. ಕಾರ್ಖಾನೆಯಿಂದ ಬಂದವನು ಜಗಲಿಯಲ್ಲಿ ಕೂತು ಕೊಳವೆಯ ಒಳಮೈಯನ್ನು ಅರದಿಂದ ಉಜ್ಜಿದ, ಬಿದಿರಿನ ಕಡ್ಡಿಗೆ ಎಮರಿ ಕಾಗದ ಸುತ್ತಿ ತಿಕ್ಕಿದ. ಬೆರಳು ಹೋಗುವಲ್ಲೆಲ್ಲ ನುಣುಪು. ಬಾಯಿಗಳಿಗೆ ಬಿರಟೆ ಜಡಿದು ಸೀಮೆಎಣ್ಣೆ ತುಂಬಿಟ್ಟ. ಮರುದಿನ ನೋಡಿದರೆ ಒಂದು ಹನಿಯೂ ಜಿನುಗಿರಲಿಲ್ಲ. ತನ್ನ ಇಂಜಿನಿಗೆ ಹಚ್ಚಿ ನೋಡಿದ, ಡಬ್ಬಕ್ಕೆ ಮುಚ್ಚಳ ಕೂತ ಹಾಗೆ ಕೂತಿತು. ಕಾರ್ಬುರೇಟರನ್ನೂ ಇಟ್ಟು ನೋಡಿದ. ಅದು ಪಕ್ಕಕ್ಕೆ ಚಾಚಿಕೊಂಡು, ಕೈಗೆ ಸಲೀಸಾಗಿ ಸಿಗುವ ಹಾಗೆ ನಿಂತಿತು. ಬೆನೆಡಿಕ್ಟ್ ಸ್ಟೂಲಿನ ಮೇಲೆ ಕೂತು ನೋಡಿಯೇ ನೋಡಿದ. ನೋಡನೋಡುತ್ತ ಅದರ ಸುತ್ತ ಅಗಲ ಮೂತಿಯ ಒಂದು ಕಾರು ಎದ್ದು ನಿಂತ ಹಾಗಾಯಿತು. ಐರಿನ್ ಊಟಕ್ಕೆ ಕರೆದದ್ದು ಅವನಿಗೆ ಕೇಳಿಸಲಿಲ್ಲ.

ಇಷ್ಟು ಮಾಡಿದವನಿಗೆ ಅದನ್ನು ಕೊಡಲು ಕೈ ಬರಲಿಲ್ಲ. ಈ ವಸ್ತು ಹೋಗಿ ರುಡೊಲ್ಫನ ತಗಡಿನ ಡಬ್ಬಿಯೊಳಗೆ ಕೂರುವುದು, ಜೆಪ್ಪುವಿನವರು ರುಡೊಲ್ಫನ ಬೆನ್ನು ತಟ್ಟುವುದು, ಇದು ಅವನಿಗೆ ಬೇಡವಾಗಿತ್ತು. ರುಡೊಲ್ಫ್ ಬಂದು ಕೇಳಿದಾಗ ಬೆಸುಗೆ ಸರಿ ಕೂತಿಲ್ಲ ಎಂದ. ಮುಂದಿನ ವಾರ, ಮುಖ ಸ್ವಲ್ಪ ಓರೆಯಾಗಿದೆ ಎಂದ. ಅದರ ಮುಂದಿನ ವಾರ, ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಎಂದು ಕಾರ್ಬುರೇಟರನ್ನು ಮಾತ್ರ ಹಿಂದಿರುಗಿಸಿ ಕಳಿಸಿದ. ಆಗೆಲ್ಲ ಮ್ಯಾನಿಫೋಲ್ಡ್ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅವನ ಮಂಚದ ಕೆಳಗಿತ್ತು. ಗುಡಿಸುವಾಗ ಐರಿನ್ ಅದನ್ನು ಕಂಡಳು, ಬಿಚ್ಚಿ ನೋಡಿದಳು, ಮತ್ತೆ ಸುತ್ತಿಟ್ಟಳು. ಗಂಡನ ಮಾನ ಹೋದರೆ ತನ್ನದೂ ಹೋಗುತ್ತದೆಂದು ತಂಗಿಯ ಹತ್ತಿರವೂ ಬಾಯಿಬಿಡಲಿಲ್ಲ. ಗಂಡನಿಗೆ ಮಾತ್ರ ಒಂದು ಮಾತು ಹೇಳಿದಳು.

"ಬೆನಿಟಾ ನಿಮಗೆ ಎಂತ ಮಾಡಿದ್ದಾಳೆ?"

ಬೆನೆಡಿಕ್ಟ್ ಆ ದಿನ ಕೊಡುತ್ತೇನೆಂದೇ ನಿಶ್ಚಯಿಸಿದ. ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಬಿಟ್ಟಿದ್ದ ರುಡೊಲ್ಫನ ಮನೆಯ ದಾರಿಯನ್ನು ಬಹಳ ದಿನಗಳ ಮೇಲೆ ಹಿಡಿದ. ಅರ್ಧ ದಾರಿಯಲ್ಲೇ ಅವನಿಗೆ ಇಂಜಿನಿನ ಸದ್ದು ಕೇಳಿತು, ಮಕ್ಕಳ ಕೇಕೆ ಕೇಳಿತು. ಹಸಿರು ಕಾರು ತಿರುವಿನಲ್ಲಿ ಕಾಣಿಸಿ, ಕೆಮ್ಮಿ, ಹೊಗೆ ಕಾರಿ, ಅವನ ಮುಂದೆ ಹಾದುಹೋಯಿತು. ಕಾದು ಸಾಕಾಗಿ ರುಡೊಲ್ಫ್ ಹಾಶಿಂನಿಂದ ನೀರಿನ ಪೈಪನ್ನು ಬಗ್ಗಿಸಿ ಬೆಸೆದು ಬೇರೆಯೇ ಮ್ಯಾನಿಫೋಲ್ಡ್ ಮಾಡಿಸಿಬಿಟ್ಟಿದ್ದ. ಬೆನೆಡಿಕ್ಟ್ ಗಂಟಿನೊಂದಿಗೆ ಹಿಂದಿರುಗಿದ. ಮನಸ್ಸಿನ ಒಂದು ಮೂಲೆಯಲ್ಲಿ ಅವನಿಗೆ ಸಮಾಧಾನವೂ ಆಗಿತ್ತು.

ಮದುವೆಯ ದಿನ ಬೆನಿಟಾ ಬಿಳಿ ಉಡುಗೆಯಲ್ಲಿ ಆ ಹಸಿರು ಕಾರಿನಿಂದ ಜೆಪ್ಪು ಇಗರ್ಜಿಯ ಮುಂದೆ ಇಳಿದಳು. ಬ್ಯಾಂಡಿನವರು ಒಂದು ಗಳಿಗೆ ಬಾರಿಸುವುದನ್ನು ಬಿಟ್ಟು ಕಾರು ನೋಡಿದರು. ಅತ್ತೆ ರುಡೊಲ್ಫನ ಕೆನ್ನೆ ಸವರಿದ್ದನ್ನು ಬೆನೆಡಿಕ್ಟ್ ಕಂಡ. ಪೂಜೆಯ ಉದ್ದಕ್ಕೂ ಅವನು ಜಪಸರ ಹಿಡಿದು ಕೂತಿದ್ದರೂ ಒಂದು ಪ್ರಾರ್ಥನೆಯೂ ನೆಟ್ಟಗೆ ಹೊರಡಲಿಲ್ಲ.

ಊಟಕ್ಕೆ ಮೊದಲು ಟೋಸ್ಟ್ ಎತ್ತುವ ಕೆಲಸ ರುಡೊಲ್ಫನದು. ವೈನಿನ ಲೋಟ ಹಿಡಿದು ನಿಂತವನು ಮದುಮಕ್ಕಳ ಗುಣಗಾನ ಮಾಡಿದ, ಒಂದೆರಡು ತಮಾಷೆ ಮಾಡಿದ, ಆಮೇಲೆ ಕಾರಿನ ಮಾತಿಗೆ ಬಂದ. ಈ ಕಾರು ನಾನೊಬ್ಬನೇ ಮಾಡಿದ್ದಲ್ಲ, ಇದರ ಮುಖ್ಯ ಭಾಗವಾದ ಮ್ಯಾನಿಫೋಲ್ಡ್ ಮಾಡಿಕೊಟ್ಟದ್ದು ನಮ್ಮ ಬೆನೆಡಿಕ್ಟ್ ಬಾವ, ಬೆನಿಟಾಳಿಗೆ ಮೊದಲು ಕಾರಿನ ಮಾತು ಕೊಟ್ಟವರು ಅವರೇ, ಮಾತು ಉಳಿಸಿಕೊಂಡಿದ್ದಾರೆ ಎಂದ. ಚಪ್ಪರ ತುಂಬ ಚಪ್ಪಾಳೆ. ಬೆನೆಡಿಕ್ಟ್ ಏಳಲೂ ಆಗದೆ ಕೂರಲೂ ಆಗದೆ ಬೆಂಚಿನ ತುದಿಯಲ್ಲಿ ಅರ್ಧ ಎದ್ದ. ಐರಿನ್ ತಲೆ ತಗ್ಗಿಸಿ ತನ್ನ ಬಳೆ ನೋಡಿಕೊಳ್ಳುತ್ತಿದ್ದಳು.

ಊಟವಾದ ಮೇಲೆ ಗಂಡಸರೆಲ್ಲ ಬಾನೆಟ್ ಎತ್ತಿಸಿ ನೋಡಿದರು. ಬೆನೆಡಿಕ್ಟ್ ಹಾಶಿಂನ ಮ್ಯಾನಿಫೋಲ್ಡನ್ನು ಹತ್ತಿರದಿಂದ ಕಂಡದ್ದು ಆಗಲೇ. ನೀರಿನ ಪೈಪು ಹೊಟ್ಟೆನೋವು ಬಂದವನ ಹಾಗೆ ಡೊಂಕಾಗಿತ್ತು. ಬೆಸುಗೆ ಗಂಟುಗಂಟಾಗಿ ಹರಿದು ಹೆಪ್ಪುಗಟ್ಟಿತ್ತು. ಒಂದು ಕಡೆ ಸಂದಿ ಮುಚ್ಚಲು ಹಗ್ಗ ಸುತ್ತಿ ಸಾಬೂನು ಮೆತ್ತಿದ್ದರು. ಕಾರ್ಖಾನೆಯ ಹಿರಿಯ ಫಿಟ್ಟರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿ, ಬೆನೆಡಿಕ್ಟನ ಮುಖ ನೋಡಿ, "ಅವಸರದಲ್ಲಿ ಮಾಡಿದ್ದು ಅಂತ ಕಾಣ್ತದೆ," ಎಂದರು. ಇದು ನನ್ನದಲ್ಲ ಎನ್ನಬಹುದಿತ್ತು. ಹಾಗಾದರೆ ನಿನ್ನದು ಎಲ್ಲಿ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಹೌದು, ಅವಸರ ಆಯಿತು ಎಂದು ಬೆನೆಡಿಕ್ಟ್ ಒಪ್ಪಿಕೊಂಡ.

ಸಂಜೆ ಮದುಮಕ್ಕಳನ್ನು ಕೂರಿಸಿಕೊಂಡು ಕುಲಶೇಖರಕ್ಕೆ ಹೊರಟ ಕಾರು ಏರಿನಲ್ಲಿ ಕೆಮ್ಮಿ ನಿಂತಿತು. ಮದುಮಗ ಚಾರ್ಲ್ಸ್ ಕೋಟು ಬಿಚ್ಚಿ ತಳ್ಳಿದನಂತೆ. ಆ ಮೇಲೆ ಆ ಕಾರು ಎಲ್ಲಿ ಕೆಮ್ಮಿದರೂ ಬೆನೆಡಿಕ್ಟನ ಪೈಪು ಕೆಮ್ಮಿತು ಎಂದೇ ಮಾತಾಯಿತು. ಮಾರ್ಕೆಟಿನಲ್ಲಿ ಮೀನಿನವಳು ಕೂಡ ಪೈಪು ಹೇಗುಂಟು ಎಂದು ವಿಚಾರಿಸಿದಳು. ಇದೆಲ್ಲವನ್ನೂ ಅವನು ಹಲ್ಲು ಕಚ್ಚಿ ಸಹಿಸಿದ. ಸಹಿಸಲಾಗದ್ದು ಬೋಜನ ಮಾತು. ಅವನೂ ಎಲ್ಲೋ ಆ ಕಾರಿನ ಬಾನೆಟ್ಟಿನೊಳಗೆ ಇಣುಕಿ ಬಂದಿದ್ದ.

"ನಾವು ಭಟ್ಟಿಯಲ್ಲಿ ಇಟ್ಟದ್ದು ಅಷ್ಟು ಚಂದ ಇತ್ತಲ್ಲ ಬೆನೆಡಿಕ್ಟರೇ. ಅದು ಹೀಗೆ ಹೇಗಾಯ್ತು?"

ಮರು ಭಾನುವಾರ ಪೂಜೆ ಮುಗಿದದ್ದೇ ಬೆನೆಡಿಕ್ಟ್ ಬಟ್ಟೆಯ ಗಂಟು ಹಿಡಿದು ರುಡೊಲ್ಫನ ಅಂಗಳಕ್ಕೆ ಹೋದ. ಇದು ಈಗ ಮುಗಿಯಿತು, ಆ ಪೈಪು ತೆಗೆದು ಇದನ್ನು ಹಾಕೋಣ ಎಂದ. ರುಡೊಲ್ಫ್ ಬಟ್ಟೆ ಬಿಚ್ಚಿ ನೋಡಿದ. ಬೆರಳನ್ನು ಒಳಗೆ ಹಾಕಿ ಆ ನುಣುಪನ್ನು ಸವರಿದ. ಯಾವಾಗ ಮುಗಿಯಿತು ಎಂದು ಅವನು ಕೇಳಲಿಲ್ಲ. ಕೇಳದಿದ್ದದ್ದೇ ಬೆನೆಡಿಕ್ಟನಿಗೆ ಹೊಡೆತವಾಯಿತು.

ಮದುವೆಯಲ್ಲಿ ಸುಳ್ಳು ಯಾಕೆ ಹೇಳಿದಿ ಎಂದು ಬೆನೆಡಿಕ್ಟ್ ಪೈಪಿನ ನಟ್ಟು ಬಿಚ್ಚುತ್ತ ತಲೆ ಎತ್ತದೆ ಕೇಳಿದ.

"ಬೆನಿಟಾಳಿಗೆ ಮೊದಲು ಹೇಳಿದ್ದು ನೀವಲ್ವಾ ಬಾವ. ಆ ಕಾರಿನಲ್ಲಿ ನಿಮ್ಮದು ಏನೂ ಇಲ್ಲ ಅಂತ ಆಗಬಾರದಲ್ಲ."

ಹೊಸ ಮ್ಯಾನಿಫೋಲ್ಡ್ ಇಂಜಿನಿಗೆ ಚಕ್ಕನೆ ಕೂತಿತು. ಬೆನೆಡಿಕ್ಟ್ ಕಾರ್ಬುರೇಟರನ್ನು ಎತ್ತಿ ಅದರ ಮುಖಕ್ಕೆ ಹಿಡಿದ. ಹಿಡಿಯಲಾಗಲಿಲ್ಲ. ಬಾನೆಟ್ಟನ್ನೂ ಮಡ್‌ಗಾರ್ಡನ್ನೂ ಹೊತ್ತ ಹಲಸಿನ ಕಂಬ ಸರಿಯಾಗಿ ಅಲ್ಲಿಯೇ ನಿಂತಿತ್ತು. ತಿರುಗಿಸಿ ನೋಡಿದ, ಓರೆ ಮಾಡಿ ನೋಡಿದ. ಒಂದು ಗೇಣು ಜಾಗ ಬೇಕಿದ್ದಲ್ಲಿ ಎರಡು ಬೆರಳಿನದ್ದೂ ಇರಲಿಲ್ಲ. ಈ ಅಂಗಳಕ್ಕೆ ಒಮ್ಮೆ ಬಂದು ಕಣ್ಣು ಹಾಯಿಸಿದ್ದರೆ ಕೆಲಸ ಕಲಿಯುವ ಹುಡುಗನಿಗೂ ತಿಳಿಯುತ್ತಿತ್ತು. ಅವನು ಬಂದಿರಲಿಲ್ಲ.

ರುಡೊಲ್ಫ್ ಒಂದು ಕ್ಷಣವೂ ತಡ ಮಾಡಲಿಲ್ಲ. "ಕಂಬ ಕಡಿದರಾಯ್ತು ಬಾವ. ಆಚೆ ಒಂದು ಪಟ್ಟಿ ಕೊಟ್ಟರೆ ನಿಲ್ತದೆ. ಗರಗಸ ತರ್ತೇನೆ," ಎಂದು ಎದ್ದ.

ಬೆನೆಡಿಕ್ಟ್ ಅವನ ಕೈ ಹಿಡಿದು ನಿಲ್ಲಿಸಿದ. ಕಾರ್ಬುರೇಟರ್ ಚಾಚಬೇಕಾಗಿದ್ದ ಜಾಗವನ್ನೇ ನೋಡುತ್ತಿದ್ದ. ಆ ಜಾಗದಲ್ಲಿ ಕಂಬ ಇಲ್ಲದ, ಅಗಲ ಮೂತಿಯ ಕಾರು ಎಲ್ಲಿಯದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬೇಡ ಮಾರಾಯ. ಇದು ನಿನ್ನ ಕಾರಿಗೆ ಮಾಡಿದ್ದಲ್ಲ."

"ಮತ್ತೆ ಯಾವ ಕಾರಿಗೆ?" ಎಂದ ರುಡೊಲ್ಫ್. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಬೆನೆಡಿಕ್ಟ್ ತನ್ನದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟ. ಆಮೇಲೆ ಹಾಶಿಂನ ಆ ಡೊಂಕು ಪೈಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅದರ ಮುಖಗಳನ್ನು ಅರದಿಂದ ಸಮ ಮಾಡಿದ, ಸಾಬೂನು ಕೆರೆದು ಹಾಕಿದ, ಹೊಸ ಪ್ಯಾಕಿಂಗ್ ಕತ್ತರಿಸಿ ಎಣ್ಣೆ ಹಚ್ಚಿ ಕೂರಿಸಿದ, ನಟ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿದ. ಊರಿನ ಬಾಯಲ್ಲಿ ಅದು ಅವನ ಪೈಪು. ಕೆಮ್ಮಿದರೆ ಅವನದೇ ಹೆಸರು ಕೆಡುತ್ತದೆ. ಒಲಿಂಡಾ ಕಾಫಿಯೊಂದಿಗೆ ಕಲಕಲ ಎಂಬ ಕರಿದ ಸಿಹಿ ತಿಂಡಿ ತಂದಿಟ್ಟಳು. ಈ ಮನೆಯಲ್ಲಿ ಅವನು ತಿನ್ನದೆ ಒಂದು ವರ್ಷದ ಮೇಲಾಗಿತ್ತು. ತಿಂದು, ಕೈ ಒರೆಸಿಕೊಂಡು, ಮನೆಗೆ ಬಂದ.

ಮಧ್ಯಾಹ್ನ ಜಗಲಿಯ ಗೋಣಿ ಸರಿಸಿ ತನ್ನ ಮ್ಯಾನಿಫೋಲ್ಡನ್ನು ತನ್ನ ಇಂಜಿನಿಗೇ ಹಚ್ಚಿ ಬಿಗಿದ. ಹಪ್ಪಳ ಎತ್ತಿಡಲು ಬಂದ ಐರಿನ್ ನಿಂತು ನೋಡಿದಳು. ಸರಿ ಕೂತಿತಲ್ಲ ಎಂದಳು. ಅವಳ ದನಿಯಲ್ಲಿ ಕುಟುಕು ಇರಲಿಲ್ಲ. ಬೆನೆಡಿಕ್ಟ್ ಹೂಂ ಎಂದ. ಕಾರ್ಬುರೇಟರ್ ಇಲ್ಲದ ಅದರ ಬಾಯಿಗೆ ಜಿರಳೆ ಹೋಗದ ಹಾಗೆ ಬಟ್ಟೆಯ ಬಿರಟೆ ಜಡಿದು ಗೋಣಿ ಹೊದೆಸಿದ.

ಆಗ ರಸ್ತೆಯಲ್ಲಿ ಹಾರ್ನ್ ಕೇಳಿತು. ರುಡೊಲ್ಫ್ ಮಕ್ಕಳನ್ನು ತುಂಬಿಕೊಂಡು ಹೊರಟಿದ್ದ. ಈ ಮನೆಯ ಮುಂದಿನ ಏರು ಬಂದಾಗಲೆಲ್ಲ ಆ ಕಾರು ಕೆಮ್ಮುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬೆನೆಡಿಕ್ಟ್ ಸ್ಪ್ಯಾನರ್ ಕೆಳಗಿಟ್ಟು ಕಿವಿಗೊಟ್ಟ. ಕಾರು ಏರು ಹತ್ತಿತು, ಹತ್ತಿ ಮುಗಿಸಿತು, ಸದ್ದು ಒಂದೇ ಸಮನೆ ದೂರವಾಯಿತು. ಕೈಯ ಕೆಲಸ ಅಷ್ಟು ಚೆನ್ನಾಗಿತ್ತು. ಆದರೂ, ಒಂದು ಸಲವಾದರೂ ಕೆಮ್ಮಬಾರದಿತ್ತೇ ಎಂದು ಅವನಿಗೆ ಅನಿಸಿತು.